ಕಾರಿನಡಿಯ ಎಣ್ಣೆಯ ಮೂಲ

ರೀ,

ಫ್ಯಾಕ್ಟರಿಯಿಂದ ಬಂದವರೇ ಕಾರಿನ ಕೆಳಗೆ ನುಸುಳಬೇಡಿ, ಇಂಜಿನ್ನನ್ನೂ ಬಿಚ್ಚಬೇಡಿ. ಕಾರು ಮಾರಿದ ಮಿಲಿಟರಿ ದೊರೆಯನ್ನು ಬೈದದ್ದೂ ಸಾಕು. ಎಣ್ಣೆ ಎಲ್ಲಿಂದ ಸೋರುತ್ತದೆಂದು ಇವತ್ತು ನಾನೇ ಕಂಡೆ.

ನೀವು ಸೈಕಲ್ ಹತ್ತಿ ಹೋದ ಮೇಲೆ ಮಾವನವರು ಹರಳೆಣ್ಣೆಯ ಗಿಂಡಿ ಹಿಡಿದು, ಕಾರಿನಡಿ ತೂರಿ, ಚಕ್ರದ ಅಚ್ಚಿಗೆ ಸುರಿಯುತ್ತಿದ್ದರು. ಇದೇನು ಮಾವ ಎಂದರೆ, "ಗಾಡಿ ಅಂದ್ಮೇಲೆ ಎಣ್ಣೆ ಹಾಕ್ಬೇಡ್ವೇನಮ್ಮ? ವಿಮಾನ ರಿಪೇರಿ ಮಾಡ್ತಾನೆ, ಇಷ್ಟೂ ಗೊತ್ತಿಲ್ಲ ಅವ್ನಿಗೆ" ಅಂದರು.

ಅವರ ಮೇಲೆ ರೇಗಬೇಡಿ. ಎತ್ತು, ಗಾಡಿ ಮಾರಿದ ಮೇಲೆ ಮಂಕಾಗಿ ಕೂತಿದ್ದವರು ಈಗ ಗುನುಗುತ್ತಾ ಓಡಾಡುತ್ತಿದ್ದಾರೆ.

ನಾನು ಹಲಸೂರಿಗೆ ಅಕ್ಕನ ಮನೆಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ. ಸಾರು ಒಲೆಯ ಮೇಲಿದೆ.

ಇನ್ನೊಂದು. ಮಾವನವರು, ಎತ್ತುಗಳಿದ್ದಾಗ ಮಾಡಿಸುತ್ತಿದ್ದಂತೆ, ಒಂದು ಸೇರು ಹುರುಳಿ ನೆನೆಹಾಕಿಸಿದ್ದಾರೆ. ಯಾರಿಗೆಂದು ಕೇಳುವ ಧೈರ್ಯ ನನಗಾಗಲಿಲ್ಲ, ನೀವೇ ಕೇಳಿ.

ಆಂಜನಮ್ಮ