ಅತ್ತೆಯ ಹದಿನಾಲ್ಕು ಹಾಳೆ

ಅತ್ತೆ,

ಇವತ್ತಿನ ಭಾಷಣದ ಹಾಳೆಗಳನ್ನು ಹುಡುಕಬೇಡಿ. ಹದಿನಾಲ್ಕೂ ನನ್ನ ಬ್ಯಾಗಿನಲ್ಲಿವೆ. ಬೇಕೇ ಬೇಕು ಅನ್ನಿಸಿದರೆ ಆಸ್ಪತ್ರೆಯಲ್ಲೇ ಕೊಡುತ್ತೇನೆ. ಬೈಯುವುದಿದ್ದರೆ ಸಂಜೆ ಬೈಯಿರಿ, ನಿಂತು ಕೇಳುತ್ತೇನೆ.

ನಿನ್ನೆ ನೀವು ಅವನ್ನು ಓದುತ್ತಿದ್ದಾಗ ಮಾವ ಮೂರನೇ ಹಾಳೆಗೇ ಗೊರಕೆ ಹೊಡೆದರು. ನಾನೂ ಕಣ್ಣು ಬಿಟ್ಟುಕೊಂಡೇ ತೂಕಡಿಸಿದೆ. ಆಮೇಲೆ ಬಟಾಣಿ ಬಿಡಿಸುತ್ತಾ ನರ್ಸ್ ಆದ ಹೊಸದರಲ್ಲಿ ನೀವು ಕೊಟ್ಟ ಮೊದಲ ಇಂಜೆಕ್ಷನ್ ಕಥೆ ಹೇಳಿದಿರಲ್ಲ, ನಿಮ್ಮ ಕೈ ನಡುಗುವುದನ್ನು ಕಂಡು ರೋಗಿಯೇ ಎದ್ದು, "ಮೊದಲು ನೀನು ಕೂತ್ಕೋಮ್ಮ, ನನಗೇನೂ ಅವಸರ ಇಲ್ಲ" ಅಂದದ್ದು. ಮಾವ ನಕ್ಕು ನಕ್ಕು ಕೆಮ್ಮಿದರು. ಆಸ್ಪತ್ರೆಗೆ ಹೊಸದಾಗಿ ಸೇರಿದ ಆ ನರ್ಸ್ ಹುಡುಗಿಯರ ಕೈಯೂ ಈಗ ನಡುಗುತ್ತಿರುತ್ತದೆ. ಅವರಿಗೆ ಇದನ್ನೇ ಹೇಳಿ, ನಮಗೆ ಹೇಳಿದ ಹಾಗೆಯೇ.

ಹತ್ತೂವರೆಗೆ ಮಾವ ಸ್ಕೂಟರ್ ತೆಗೆಯುತ್ತಾರೆ. ಅದಕ್ಕೆ ಮುಂಚೆ ಏನಾದರೂ ತಿನ್ನಿ, ಖಾಲಿ ಹೊಟ್ಟೆಯಲ್ಲಿ ನಿಮ್ಮ ಮಾತು ಗಡಿಬಿಡಿಯಲ್ಲಿ ಓಡುತ್ತದೆ. ಹುಡುಗಿಯರು ನಕ್ಕರೆ ನಿಲ್ಲಿಸಿ, ನಕ್ಕು ಮುಗಿಸಲಿ. ಕೊನೆಯ ಸಾಲಿನವರನ್ನೂ ನೋಡಿ ಮಾತಾಡಿ.

ಆಫೀಸಿನಲ್ಲಿ ಒಂದು ಗಂಟೆ ರಜೆ ಕೇಳಿಕೊಂಡು ನಾನೂ ಬರುತ್ತೇನೆ, ಎರಡನೇ ಸಾಲಿನಲ್ಲಿ ಕೂತಿರುತ್ತೇನೆ. ಧೈರ್ಯ ಬೇಕಾದಾಗ ಮಾತ್ರ ನನ್ನ ಮುಖ ನೋಡಬೇಡಿ, ಮಾವನ ಮುಖ ನೋಡಿ. ನಾನು ನಿಮಗಿಂತ ಹೆಚ್ಚು ಹೆದರಿರುತ್ತೇನೆ.

ನಿಮ್ಮ ಸೊಸೆ