ಮೂರು ತೂತಿನ ಬಾಲ್ ಜಾಯಿಂಟ್

ಫೆಬ್ರವರಿ 6, ರಾತ್ರಿ 10.50

…ಅದೂ ಸಾಲದು ಅಂತ ಮಧ್ಯಾಹ್ನ ಕಂಪ್ರೆಸರ್ ಬೇರೆ ಕೈಕೊಟ್ಟಿತು. ಊಟ ನಾಲ್ಕಕ್ಕೆ. ಅನ್ನ ತಣ್ಣಗೆ, ಸಾರು ಇನ್ನೂ ತಣ್ಣಗೆ. ಬರೆಯುವಷ್ಟು ಕೈ ಎತ್ತಲು ಬರುತ್ತಿಲ್ಲ. ಫೋನಿಗೇ ಹೇಳುತ್ತಿದ್ದೇನೆ.

ಸಂಜೆ ಪರಿಮಳಕ್ಕನ ಪಿಕಪ್ ಬಂತು. ಹೆಗಡೆಕಟ್ಟಾದವರು. ಮದುವೆ ಮನೆಗಳಿಗೆ ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಾರೆ. ಗಾಡಿ ಅವರೇ ಓಡಿಸುವುದು.

“ಹಂಪ್ ಹತ್ತಿದ ಕೂಡಲೆ ಕಟಕ್ ಅಂತದೆ ಮಾರಾಯಾ. ಪಾತ್ರೆದು ಅಂದ್ಕಂಡಿದ್ದೆ. ಖಾಲಿ ಗಾಡಿಲೂ ಅಂತದೆ!”

ಜಾಕ್ ಕೊಟ್ಟೆ. ಎಡಗಡೆ ಮುಂದಿನ ಗಾಲಿಯನ್ನು ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಾಡಿಸಿದೆ. ಲೊಟಲೊಟ. ಟೈರು ಒಳಮೈ ಸವೆದು ನುಣ್ಣಗಾಗಿದೆ. ಕೆಳಗಿನ ಬಾಲ್ ಜಾಯಿಂಟ್ ಹೋಗಿದೆ. ಗಾಲಿಯನ್ನು ಗಾಡಿಗೆ ಹಿಡಿದಿಡುವ ಗುಂಡು ಅದು. ಕಳಚಿದರೆ ಗಾಲಿ ಒಳಗೆ ಮಡಚಿಕೊಳ್ಳುತ್ತದೆ. ಅಷ್ಟೇ, ಗಾಡಿ ಮುಗಿಯಿತು. ಓಡಿಸುವವರೂ.

ಹೇಳಿದೆ. ಅಕ್ಕ ಒಂದೇ ಮಾತು — “ಹದಿನಾರಕ್ಕೆ ಅಂಕೋಲೆ ಆರ್ಡರ್ ಇದೆ. ಅರಬೈಲ್ ಘಟ್ಟ ಇಳೀಬೇಕು. ಹೊಸದು ಹಾಕು. ನೀನೇ ಹಾಕು.”

ನಾನೇ! ಶಿವಲಿಂಗಪ್ಪ ಕಾಕಾ ಇರುವಾಗ. ಕಾಕಾನ ಮುಖ ನೋಡಿದೆ. ನಗುತ್ತಿದ್ದ. ಹಾನಗಲ್ಲಿನಿಂದ ಕರೆತಂದು, ಗ್ಯಾರೇಜಿನಲ್ಲೇ ಮಲಗಲು ಜಾಗ ಕೊಟ್ಟು, ಸ್ಪ್ಯಾನರ್ ಹಿಡಿಯುವುದು ಕಲಿಸಿದವನು.

ಫೆಬ್ರವರಿ 8, ರಾತ್ರಿ 11.15

ನಾನು ಹಾಕಲಿಲ್ಲ. ಹಳೆಯದನ್ನು ಬಿಚ್ಚಲೂ ಇಲ್ಲ. ಬೆಳಿಗ್ಗೆ ಎಂಟಕ್ಕೇ ಕಾಕಾ ನನ್ನನ್ನು ಕಿರವತ್ತಿಗೆ ಓಡಿಸಿದ. ಢಾಬಾ ಎದುರು ಲಾರಿಯೊಂದು ಕೆಟ್ಟು ನಿಂತಿತ್ತು. ಬರುವಾಗ ಸಂಜೆ. ಪಿಕಪ್ ತೊಳೆದು ನಿಲ್ಲಿಸಿತ್ತು. ಜಾಯಿಂಟಿನ ರಬ್ಬರ್ ಟೋಪಿ ಕಪ್ಪಗೆ ಹೊಳೆಯುತ್ತಿತ್ತು.

“ತಮ್ಮಾ, ಆಕಿಗೆ ನಿನ್ನ ಕೈಮ್ಯಾಲೆ ನಂಬಿಕಿ. ನೀನ ಹಾಕೀನಿ ಅನ್ನು. ಖುಷಿ ಆಗ್ತಾಳ,” ಅಂದ ಕಾಕಾ.

ಖುಷಿ ಆಗಿದ್ದು ನನಗೆ.

ನಮ್ಮ ಗ್ಯಾರೇಜಿನ ಪದ್ಧತಿ — ಬಿಚ್ಚಿದ ಹಳೆಯ ಸಾಮಾನನ್ನು ಹೊಸದರ ಡಬ್ಬಿಯಲ್ಲೇ ಹಾಕಿ, ಟೇಪ್ ಸುತ್ತಿ, ಗಿರಾಕಿಯ ಕೈಗೆ ಕೊಡುವುದು. ಬದಲಾಯಿಸಿದ್ದೇವೆ ಅನ್ನುವುದಕ್ಕೆ ಸಾಕ್ಷಿ. ಯಾರೂ ಬಿಚ್ಚುವುದಿಲ್ಲ. ಸೀಟಿನಡಿ ಎಸೆದು ಮರೆಯುತ್ತಾರೆ.

ಡಬ್ಬಿ ಕೊಟ್ಟಿದ್ದು ನಾನು.

“ನೀನೇ ಹಾಕಿದ್ದು ಹೌದಾ?”

“ಹೌದ್ರೀ ಅಕ್ಕಾ.”

ಟ್ರಯಲ್ ಹೊಡೆದರು. ಸದ್ದಿಲ್ಲ. ಕಿಟಕಿಯಿಂದ ಕೈ ಬೀಸಿ ಹೋದರು.

ಫೆಬ್ರವರಿ 15, ಸಂಜೆ 6.30

ಹಿಂದಿನ ಗೋಡೆಯ ಹತ್ತಿರ ನಿಂತು ಹೇಳುತ್ತಿದ್ದೇನೆ. ಸಣ್ಣ ದನಿಯಲ್ಲಿ.

ಪರಿಮಳಕ್ಕ ಈಗ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದರು. ತಾಡಪತ್ರಿ ಗಾಳಿಗೆ ಹಾರುತ್ತಿತ್ತಂತೆ. ಭಾರ ಇಡಲು ಏನೂ ಸಿಗದೆ ಡಬ್ಬಿ ಬಿಚ್ಚಿದರಂತೆ. “ನಿನ್ನ ಹಳೆ ಗುಂಡು ಉಪಯೋಗಕ್ಕೆ ಬಂತು ನೋಡು,” ನಗುವ ಗೊಂಬೆ ಮೂರು.

ಫೋಟೋ ದೊಡ್ಡದು ಮಾಡಿ ನೋಡಿದೆ.

ಮೂರು ತೂತು.

ಅವರ ಗಾಡಿಯದಕ್ಕೆ ನಾಲ್ಕು ಬೋಲ್ಟ್. ಆರನೇ ತಾರೀಕು ನಾನೇ ಬ್ರಷ್ ಹಾಕಿ ಮಣ್ಣು ತೆಗೆದು ಎಣಿಸಿದ್ದೆ. ಇದು ಯಾವುದೋ ಬೇರೆ ಗಾಡಿಯ ಗುಜರಿ. ಹಾಗಾದರೆ ಅವರದು… ಅವರ ಗಾಡಿಯಲ್ಲೇ ಇದೆ. ಸವೆದದ್ದೇ.

ನಾಳೆ ಘಟ್ಟ.

ರಾತ್ರಿ 9.20

ಫೋಟೋ ತೋರಿಸಿದೆ. ಕಾಕಾ ಅಲ್ಲಗಳೆಯಲಿಲ್ಲ. ಬೈದಿದ್ದರೆ, ಸುಳ್ಳು ಹೇಳಿದ್ದರೆ ಪರವಾಗಿರಲಿಲ್ಲ. ಬೀಡಿ ಹಚ್ಚಿಕೊಂಡು ಹೇಳಿದ.

“ಹುಬ್ಬಳ್ಳಿಯಿಂದ ಮಾಲ್ ಬರಲಿಲ್ಲೋ. ಆಕಿ ಬ್ಯಾರೆ ಗ್ಯಾರೇಜಿಗೆ ಹೋಗಿಬಿಡ್ತಿದ್ಲು. ಗ್ರೀಸ್ ತುಂಬಿ, ಹೊಸಾ ಟೋಪಿ ಹಾಕೀನಿ. ಎರಡು ತಿಂಗಳು ಸಪ್ಪಳ ಬರಂಗಿಲ್ಲ. ಮುಂದಿನ ಸಲ ಹಾಕೋಣಂತ.”

“ಪಾತ್ರೆ ಲೋಡು ಕಾಕಾ. ಘಟ್ಟದಾಗ ಗಾಲಿ ಮಡಚಿದ್ರ?”

“ಮಡಚಿದ್ರ ಯಾರನ್ನ ಕೇಳ್ತಾರ?” ಹೊಗೆ ಬಿಟ್ಟ. “ಹಾಕಿದಾಂವ ಯಾರು? ನೀನ ಹೇಳೀಯಲ್ಲೋ ಆಕಿಗೆ. ಹೋಗು, ಈಗ ಇಲ್ಲಂತ ಹೇಳು. ನೋಡೋಣ.”

ಆಮೇಲೆ ತಲೆ ಸವರಿದ. “ಉಂಡು ಮಲಗು ಹೋಗು.” ಪ್ರೀತಿಯಿಂದಲೇ.

ಅಂದರೆ ಆವತ್ತು ಕಿರವತ್ತಿಗೆ ಕಳಿಸಿದ್ದು… ನೀನೇ ಹಾಕಿದೆ ಅನ್ನು ಅಂದದ್ದು… ಎಲ್ಲಾ ಮೊದಲೇ ಯೋಚಿಸಿದ್ದು. ನಾನು ಹೌದ್ರೀ ಅಂದೆ, ಹಲ್ಲು ಕಿಸಿದು.

ಅಕ್ಕನ ಫೋನು ಹತ್ತುತ್ತಿಲ್ಲ. ಪಾತ್ರೆ ತುಂಬಲು ಹೇರೂರಿಗೆ ಹೋಗಿರಬೇಕು, ಅಲ್ಲಿ ನೆಟ್‌ವರ್ಕ್ ಇಲ್ಲ. ನಾಲ್ಕು ಸಲ ಮಾಡಿದೆ. ಮೆಸೇಜಿಗೆ ಒಂದೇ ಟಿಕ್.

ಫೆಬ್ರವರಿ 16, ರಾತ್ರಿ 12.40

ಹನ್ನೊಂದೂವರೆಗೆ ಅವರೇ ಮಾಡಿದರು. ಗಾಡಿ ಲೋಡ್ ಆಗಿ ಮನೆಯಂಗಳಕ್ಕೆ ಬಂದಿದೆ. ಬೆಳಿಗ್ಗೆ ಏಳಕ್ಕೆ ಹೊರಡುವುದು. ಯಲ್ಲಾಪುರದಲ್ಲಿ ಇಬ್ಬರು ಅಡುಗೆಯವರನ್ನು ಹತ್ತಿಸಿಕೊಂಡು ಘಟ್ಟ.

ಒಂದೇ ಉಸಿರಿಗೆ ಹೇಳಿದೆ. ಜಾಯಿಂಟ್ ಹಳೆಯದೇ. ನಾನು ಹಾಕಿಲ್ಲ. ಆ ದಿನ ನಾನು ಅಲ್ಲಿರಲೇ ಇಲ್ಲ.

ಅಕ್ಕ ಮೊದಲು ಸದ್ದಿನ ಮಾತೇ ಎತ್ತಿದರು.

“ಸದ್ದಿಲ್ಲ ಅಲ್ದಾ ಈಗ?”

“ಗ್ರೀಸಿಗೆ ಅಕ್ಕಾ. ಸದ್ದು ಅಷ್ಟೇ ಹೋಗೇತಿ.”

“ನೀನೇ ಹಾಕಿದ್ದಾ ಅಂತ ಕೇಳಿದ್ದೆ ನಾನು.”

“ಹೌದ್ರೀ.”

“ಅವತ್ತೂ ಹಿಂಗೇ ಹೌದ್ರೀ ಅಂದಿದ್ದೆ ನೀನು.”

ಕಾಕಾ ಹೇಳಿಸಿದ್ದು ಅನ್ನಬೇಕೆಂದು ಬಾಯಿಗೆ ಬಂತು. ಅನ್ನಲಿಲ್ಲ. ಹೇಳಿದ ಬಾಯಿ ನನ್ನದು.

ಈಗಲೇ ಬರುತ್ತೇನೆ, ನಾನೇ ಜಾಕ್ ಹಾಕಿ ತೋರಿಸುತ್ತೇನೆ ಅಂದೆ.

“ಬೇಡ. ನೀನು ತೋರ್ಸೂದು, ನಾನು ನೋಡೂದು ಸಾಕು. ಯಾರನ್ನ ನಂಬೂದು, ನಿನ್ನನ್ನಾ ಆ ಶಿವಲಿಂಗಪ್ಪನ್ನಾ? ಹೆಂಗೆ ನೋಡೂದು ಹೇಳು. ನಾನೇ ನೋಡ್ತೇನೆ.” ಆಮೇಲೆ ಆಚೆ ತಿರುಗಿ, ತಮ್ಮನಿಗೆ, “ಸಂದೇಶಾ, ಜಾಕ್ ಎಲ್ಲಿದ್ದು? ಬೆಳಿಗ್ಗೆ ಬೇಕು.”

ಹೇಳಿದೆ. ಪಾತ್ರೆ ಇಳಿಸಿ. ಹಿಂದಿನ ಗಾಲಿಗೆ ಕಲ್ಲು ಕೊಡಿ. ಜಾಕ್ ಗಾಲಿ ಹಿಡಿದ ಕೆಳಗಿನ ಕಬ್ಬಿಣದ ತೋಳಿಗೇ ಕೊಡಬೇಕು, ಚಾಸಿಗೆ ಅಲ್ಲ. ಎಡಗಾಲಿಯಡಿ ಹಾರೆ ತೂರಿಸಿ ಮೇಲೆ ಮೀಟಿ. ಸಂದೇಶಣ್ಣ ಮೀಟಲಿ, ನೀವು ಟಾರ್ಚ್ ಹಿಡಿದು ಟೋಪಿ ನೋಡಿ. ಗಾಡಿಯಡಿ ತಲೆ ಹಾಕಬೇಡಿ ಅಕ್ಕಾ. ಗುಂಡು ಮೇಲೆ ಕೆಳಗೆ ಕುಣಿದರೆ…

“ಕುಣಿದ್ರೆ?”

“ಗಾಡಿ ಅಂಗಳ ದಾಟಬಾರದು.”

ಬರೆದುಕೊಳ್ಳುತ್ತಿದ್ದರು. ಪೆನ್ನಿನ ಸದ್ದು ಕೇಳುತ್ತಿತ್ತು. ನಾನು ಹೇಳಿದ್ದನ್ನು ಒಂದೊಂದಾಗಿ ತಿರುಗಿ ಓದಿದರು. ಪೊಲೀಸ್ ಹೇಳಿಕೆ ಓದಿದ ಹಾಗೆ.

ನಾನು ಹೊರಡುವಾಗ ಒಳಗೆ ಕಾಕಾ ಗೊರಕೆ ಹೊಡೆಯುತ್ತಿದ್ದ. ಬಟ್ಟೆ ಎಲ್ಲಾ ಒಂದು ಚೀಲಕ್ಕೆ ಹಿಡಿಯಿತು. ಹಾಸಿಗೆ ಸುತ್ತಿ ಮೂಲೆಗಿಟ್ಟೆ, ಅದು ಅವನದು. ಹೊಸ ಬಸ್ ಸ್ಟ್ಯಾಂಡಿನಲ್ಲಿ ಕೂತು ಹೇಳುತ್ತಿದ್ದೇನೆ. ಹಾನಗಲ್ಲಿಗೆ ಬಸ್ಸಿದೆ, ಬೆಳಿಗ್ಗೆ. ಹತ್ತುವುದಿಲ್ಲ, ಗುಂಡು ಕುಣಿಯಿತೋ ಇಲ್ಲವೋ ಗೊತ್ತಾಗುವ ತನಕ.

ಫೋನ್ ಇಡುವ ಮುಂಚೆ ಅಕ್ಕ ಅಂದದ್ದು —

“ಆರೂಕಾಲಿಗೆ ಮಾಡು. ಎತ್ತಿದ್ರೆ ಗುಂಡು ಕುಣೀತು, ನೀನು ಹೇಳಿದ್ದು ನಿಜ ಅಂತ ತಿಳ್ಕ. ಎತ್ತದಿದ್ರೆ ಮತ್ತೆ ಮಾಡಬೇಡ.”