ಮಂಗಳವಾರದ ತಟ್ಟೆಗಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ನಿನಗೂ ಕೂಸಿಗೂ ನನ್ನ ಮುತ್ತು. ಈ ಪತ್ರವನ್ನು ಮೂರು ಸಲ ಶುರು ಮಾಡಿ ಹರಿದಿದ್ದೇನೆ. ಎರಡು ಸಾಲು ಬರೆಯುವುದು, ಎದ್ದು ಕಿಟಕಿಗೆ ಹೋಗುವುದು, ಒಲೆಯ ಮೇಲೆ ಏನೂ ಇಲ್ಲದಿದ್ದರೂ ನೋಡಿ ಬರುವುದು. ನಿನ್ನಪ್ಪ, "ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಎಂದು ಗೊಣಗಿ ಪೇಪರ್ ಹಿಡಿದು ಹೊರಗೆ ಹೋದರು.

ಮೊನ್ನೆ ಫೋನಿನಲ್ಲಿ ನೀನು, "ಅಮ್ಮಾ, ನಿಂಗೆ ಮಂಗಳವಾರಾನೇ ಗೊತ್ತಿತ್ತಾ?" ಎಂದು ಕೇಳಿದೆ. ನಾನು ಕೂಸಿನ ಹಲ್ಲಿನ ಮಾತು ತೆಗೆದೆ. ನೀನು ಫೋನ್ ಇಟ್ಟುಬಿಟ್ಟೆ. ಗೊತ್ತಿತ್ತು ಮಗಳೇ.

ಸೋಮವಾರ ಎಂದಿನಂತೆ ದೋಣಿಯವನ ಜೊತೆ ಸರೋವರದ ಏಳು ಕಡೆ ಪರೀಕ್ಷೆಗೆಂದು ನೀರು ತುಂಬಿಸಿಕೊಂಡೆ. ಶುದ್ಧೀಕರಣ ಘಟಕದಿಂದ ಊರಿನ ನಲ್ಲಿಗಳಿಗೆ ಹೋಗುವ ನೀರನ್ನೂ ಒಂದು ಸೀಸೆ ಹಿಡಿದೆ. ಹನ್ನೊಂದು ವರ್ಷದಿಂದ ಅವನೇ ನನ್ನ ದೋಣಿಯವನು. ನಾನು ಬಗ್ಗಿ ಸೀಸೆ ಮುಳುಗಿಸುವಾಗ ಸೊಂಟದ ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡು, "ನೀವು ಬಿದ್ರೆ ಆ ನೀರು ಪರೀಕ್ಷೆ ಮಾಡೋರು ಯಾರು ಮೇಡಂ?" ಎಂದು ನಗಿಸುತ್ತಾನೆ.

ಆ ನೀರು ಹಾಕಿ ರಾತ್ರಿಯಿಡೀ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟಿದ್ದ ಪರೀಕ್ಷೆಯ ತಟ್ಟೆಗಳನ್ನು ಮಂಗಳವಾರ ಬೆಳಿಗ್ಗೆ ತೆಗೆದೆ. ನಾವು ಹುಡುಕುವ ಬ್ಯಾಕ್ಟೀರಿಯಾ ಮನುಷ್ಯರ, ದನಕರುಗಳ ಕರುಳಿನಲ್ಲಿರುವಂಥದ್ದು; ತಟ್ಟೆಯಲ್ಲಿ ನೀಲಿ ಚುಕ್ಕೆಗಳಾಗಿ ಬೆಳೆಯುತ್ತದೆ. ಆ ಬ್ಯಾಕ್ಟೀರಿಯಾವೇ ರೋಗ ತರಬೇಕೆಂದಿಲ್ಲ. ಅದು ಕಂಡರೆ ನೀರಿಗೆ ಮಲ ಸೇರಿದೆ, ಹಿಂದೆಯೇ ರೋಗವೂ ಇರಬಹುದು ಎಂದು ಅರ್ಥ. ಸರೋವರದ ನೀರಿನಲ್ಲಿ ನಾಲ್ಕಾರು ನೀಲಿ ಚುಕ್ಕೆ ಇದ್ದೇ ಇರುತ್ತವೆ. ಅಂದು, ಘಟಕಕ್ಕೆ ನೀರೆತ್ತುವ ಗೋಪುರದ ಬಳಿ ತುಂಬಿಸಿದ ನೀರಿನ ತಟ್ಟೆ ಎಣಿಸಲಾಗದಷ್ಟು ನೀಲಿ. ನಲ್ಲಿ ನೀರಿನಲ್ಲಿ ಒಂದೂ ಇರಕೂಡದು. ಒಂಬತ್ತಿದ್ದವು.

ಮೇಲಧಿಕಾರಿ ನೋಡಿ, "ನಿಮ್ಮ ಕೈಯೇ ಕೊಳೆ ಇದ್ದಿರ್ಬೇಕು. ಇನ್ನೊಂದ್ಸಲ ಮಾಡಿ. ಸುಮ್ನೆ ಊರನ್ನ ಹೆದರಿಸ್ಬೇಡಿ" ಎಂದರು. ಕೈ ಕೊಳೆಯೋ ಅಲ್ಲವೋ ತಿಳಿಯಲೆಂದೇ ಕುದಿಸಿದ ನೀರಿನದೊಂದು ತಟ್ಟೆ ಇಡುತ್ತೇವೆ. ಅದರಲ್ಲಿ ಏನೂ ಇರಲಿಲ್ಲ. ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು. "ಆಗ್ಲಿ ಸರ್" ಎಂದುಬಿಟ್ಟೆ. ಮರುಪರೀಕ್ಷೆಯೆಂದರೆ ಇನ್ನೊಂದು ಇಡೀ ದಿನ.

ನಿಮ್ಮ ಮನೆಗೂ ಬರುವುದು ಇದೇ ನಲ್ಲಿ ನೀರು. ಮೆಟ್ಟಿಲ ಮೇಲೆ ನಿಂತು ನಿನಗೆ ಫೋನ್ ಮಾಡಿದೆ. ಟ್ಯಾಂಕ್ ತೊಳೆಯುತ್ತಿದ್ದಾರೆ, ಕೂಸಿಗೆ ನೀರು ಚೆನ್ನಾಗಿ ಕುದಿಸಿ ಕೊಡು ಎಂದೆ. ಯಾರೂ ಯಾವ ಟ್ಯಾಂಕನ್ನೂ ತೊಳೆಯುತ್ತಿರಲಿಲ್ಲ. ತಿರುಗಿ ನೋಡಿದರೆ ದೋಣಿಯವನು ಅಂಗಳದ ನಲ್ಲಿಯಲ್ಲಿ ಮನೆಗೆಂದು ಕ್ಯಾನ್ ತುಂಬಿಸುತ್ತಿದ್ದ. ನೋಡಿದೆ. ನೋಡಿ ಒಳಗೆ ಹೋದೆ.

ಬುಧವಾರ ಮತ್ತೆ ಅದೇ ನೀಲಿ. ಈ ಸಲ ಅಪ್ಪಣೆಗೆ ಕಾಯಲಿಲ್ಲ. ಆಸ್ಪತ್ರೆಗೂ ರೇಡಿಯೋದವರಿಗೂ ನಾನೇ ತಿಳಿಸಿದೆ. ದಡದಲ್ಲಿ ಒಡೆದಿದ್ದ ಒಳಚರಂಡಿ ಕೊಳವೆ ಸಂಜೆಯೊಳಗೆ ಸಿಕ್ಕಿತು. ಈಗ ಬೀದಿಯಲ್ಲಿ ಜನ ನಿಲ್ಲಿಸಿ, "ನೀವಿಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ" ಎನ್ನುತ್ತಾರೆ. ಮೈಮೇಲೆ ಇರುವೆ ಬಿಟ್ಟಂತಾಗುತ್ತದೆ.

ದೋಣಿಯವನ ಮೊಮ್ಮಗಳು ವಾಂತಿಭೇದಿಯಾಗಿ ಆಸ್ಪತ್ರೆಯಲ್ಲಿದ್ದಾಳೆ. ನಮ್ಮ ಕೂಸಿಗಿಂತ ಒಂದೇ ವರ್ಷ ದೊಡ್ಡವಳು. ಶುಕ್ರವಾರ ನಾನು ಹೋದಾಗ ಅವಳಿಗೆ ಕಣ್ಣು ಬಿಡಲೂ ತ್ರಾಣವಿರಲಿಲ್ಲ. ಅವನು ಕುರ್ಚಿ ಬಿಟ್ಟುಕೊಟ್ಟು, "ನಿಮ್ಮ ಮಗಳ ಮನೇಲಿ ಎಲ್ರೂ ಹುಷಾರಾಗಿದಾರಾ ಮೇಡಂ?" ಎಂದ. "ಹೂಂ" ಎಂದೆ. ಮಂಗಳವಾರದ ನೀರಿನಿಂದ ಹೀಗಾಯಿತೋ, ಅದಕ್ಕೂ ಮೊದಲಿನದರಿಂದಲೋ ವೈದ್ಯರು ಹೇಳಲಾರರು. ನಾನೂ ಹೇಳಲಾರೆ. ಅದೇ ನನ್ನನ್ನು ಕೂರಲು ಬಿಡುತ್ತಿಲ್ಲ.

ಊರಿಗೆ ಎಚ್ಚರಿಕೆ ತಡವಾದದ್ದರ ಬಗ್ಗೆ ನಾಳೆ ವಿಚಾರಣೆ. "ನಿವೃತ್ತಿಗೆ ಎರಡೇ ವರ್ಷ. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಫೋನ್ ವಿಷ್ಯ ಯಾಕೆ?" ಎನ್ನುತ್ತಾರೆ ನಿನ್ನಪ್ಪ. ಹೇಳುತ್ತೇನೆ. ಮೇಲಧಿಕಾರಿ ತಡೆದದ್ದನ್ನು ಹೇಳಿ ನನ್ನದನ್ನು ಮುಚ್ಚಿಡಲೇ? ನೀನು ಸಿಟ್ಟು ಬಿಡಲೆಂದು ಬರೆಯುತ್ತಿಲ್ಲ. ಇದು ನಿನಗೆ ಬೇರೆಯವರ ಬಾಯಿಂದ ತಿಳಿಯಬಾರದು, ಅಷ್ಟೆ.

ನಿನ್ನ
ಅಮ್ಮ

ತಾ.ಕ.: ಪತ್ರ ನಿಮ್ಮ ಮನೆಯ ಅಂಚೆಪೆಟ್ಟಿಗೆಗೆ ಹಾಕಲು ಹೊರಟವಳು ಆಸ್ಪತ್ರೆಗೇ ಹೋದೆ. ಮಗು ಎದ್ದು ಕೂತು ಬಿಸ್ಕತ್ತು ತಿನ್ನುತ್ತಿತ್ತು. ದೋಣಿಯವನನ್ನು ಹೊರಗೆ ಕರೆದು ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. "ನಾಳೆಯಿಂದ ದೋಣಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಮೇಡಂ" ಎಂದು ಒಳಗೆ ಹೋಗಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡ.